ಸೋಮವಾರ ಮುಂಬೈ ನೋಡಿದ್ದು

ಹೋದ ಶನಿವಾರ ಮಗಳು ಅರಭಾವಿಯ ಕಾಲೇಜಿನಿಂದ ಬಂದವಳು ಚಪ್ಪಲಿ ಕಳಚಿದ್ದೇ ತಡ, ಮೊಬೈಲ್ ಹಿಡಿದು ಕಟ್ಟೆಯ ಮೇಲೆ ಕೂತಳು. ತೋಟಗಾರಿಕೆ ಓದುವ ಹುಡುಗಿಯರೆಲ್ಲ ಸೇರಿ ಹೂವಿನ ಮಾರ್ಕೆಟ್ ನೋಡಲು ಮುಂಬೈಗೆ ಹೊರಟಿದ್ದಾರೆ, ನಾಲ್ಕು ದಿನ. ಹೂವಿನ ಮಾರ್ಕೆಟ್ ನೋಡಲು ಒಂದು ಮುಂಜಾನೆ ಸಾಕು. ಉಳಿದದ್ದೆಲ್ಲ ಸುತ್ತಾಟ ಎಂದು ನನಗೇನು ತಿಳಿಯದೇ? ಯಾವ ದಿನ ಏನೇನು ನೋಡಬೇಕೆಂದು ಅವಳು ಪಟ್ಟಿ ಮಾಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹಣೆ ಗಂಟಿಕ್ಕಿತು.

"ಅವ್ವಾ, ಸೋಮಾರ ಏನೂ ನೋಡಾಕ ಆಗಂಗಿಲ್ಲ ನೋಡ. ತಾರಾಲಯ ಬಂದ್, ಮೀನಿನ ಮನಿ ಬಂದ್. ಎಲ್ಲಾದರ ಕೆಳಗೂ ಸೋಮವಾರ ರಜಾ ಅಂತ ಬರದಾರ. ಇಡೀ ದಿನ ದಂಡ."

ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಿದ್ದ ನಮ್ಮ ಮಾವ ಮಲ್ಲಪ್ಪನವರು ಬೊಚ್ಚು ಬಾಯಿ ತೆರೆದು ನಕ್ಕರು. ಎಂಬತ್ತು ದಾಟಿದ ಜೀವ. ಊಟಕ್ಕೆ ಕರೆದರೆ ಮೂರು ಸಲ ಕೂಗಬೇಕು, ಆದರೆ ಸೋಮವಾರ ಎಂಬ ಮಾತು ಅವರ ಕಿವಿಗೆ ಹೇಗೋ ಬೀಳುತ್ತದೆ. ಅವರು ನಕ್ಕದ್ದು ನೋಡಿ ನನಗೂ ನಗು ಬಂತು. ಮಗಳು ನಮ್ಮಿಬ್ಬರ ಮುಖ ನೋಡಿದಳು. ಅವಳಿಗೆ ಆ ವರ್ಷದ ಕಥೆ ಗೊತ್ತಿಲ್ಲ. ಆಗ ಅವಳು ಎರಡನೇ ಇಯತ್ತೆಯ ಪೋರಿ. ಅವಳನ್ನು ಹುಕ್ಕೇರಿಯಲ್ಲಿ ನನ್ನ ತವರಿನಲ್ಲಿ ಬಿಟ್ಟು ನಾನೂ ಮಾವನವರೂ ಮುಂಬೈ ನೋಡಿ ಬಂದದ್ದಕ್ಕೆ ಇನ್ನೂ ನನ್ನ ಮೇಲೆ ಸಿಟ್ಟಿದೆ.

ನಾನು ಹುಕ್ಕೇರಿಯವಳು. ಪೇಟೆಯಲ್ಲಿ ಬೆಳೆದವಳಿಗೆ ತುಕ್ಕಾನಟ್ಟಿಯ ಒಕ್ಕಲುತನದ ಮನೆಗೆ ಬಂದಾಗ ಎಲ್ಲಾ ಹೊಸದು. ಮೊದಲ ವಾರವೇ ಒಂದು ತಪ್ಪು ಮಾಡಿದೆ. ಸೋಮವಾರ ಮುಂಜಾನೆ, "ಎತ್ತ ಹೂಡಿಲ್ಲೇನ್ರಿ ಇವತ್ತ?" ಎಂದು ಮಾವನವರನ್ನು ಕೇಳಿಬಿಟ್ಟೆ. ಅತ್ತೆ ಆಗ ಇದ್ದರು. ಮುಸುರೆ ತಿಕ್ಕುತ್ತಿದ್ದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಕೊಳ್ಳು ಕಟ್ಟಬಾರದು ಎನ್ನುತ್ತಾರೆ ನಮ್ಮ ಕಡೆ. ಮಳೆ ಬರಲಿ, ಬಿಸಿಲು ಬರಲಿ, ಅವತ್ತು ಎತ್ತುಗಳು ಮೈ ತೊಳೆಸಿಕೊಂಡು, ಮೇವು ತಿಂದು, ಬೇವಿನ ಗಿಡದ ಕೆಳಗೆ ಮೆಲುಕು ಹಾಕುತ್ತ ಮಲಗಬೇಕು. ಎತ್ತಿಗೆ ಬಿಡುವು ಎಂದಮೇಲೆ ಒಕ್ಕಲಿಗನಿಗೂ ಬಿಡುವು. ಬೀಗರ ಮನೆಗೆ ಹೋಗುವುದು, ಕನ್ಯೆ ನೋಡುವುದು, ಗೋಕಾಕಕ್ಕೆ ಹೋಗಿ ಕರದಂಟು ತರುವುದು, ಸುಖದ ಕೆಲಸವೆಲ್ಲ ಸೋಮವಾರ. ಬಂದ ಎರಡು ವರ್ಷದಲ್ಲಿ ನನಗೂ ಅದು ರಕ್ತಕ್ಕೆ ಇಳಿದಿತ್ತು. ರವಿವಾರದ ಸೂಟಿ ಸಾಲಿ ಮಕ್ಕಳಿಗೆ, ಸೋಮವಾರದ ಸೂಟಿ ಲೋಕಕ್ಕೆಲ್ಲ ಎಂದೇ ತಿಳಿದಿದ್ದೆ.

ಮಾವನವರ ಕೊನೆಯ ಜೋಡಿ ಕೆಂದ್ಯಾ ಮತ್ತು ಮಾಸ್ಯಾ. ಒಂದು ಕೆಂಪು, ಒಂದು ಬೂದಿ ಬಣ್ಣ. ಅತ್ತೆ ತೀರಿಕೊಂಡ ಮೇಲಂತೂ ಮಾವ ಆ ಎರಡರ ಜೊತೆ ಆಡುವಷ್ಟು ಮಾತು ನಮ್ಮ ಜೊತೆ ಆಡುತ್ತಿರಲಿಲ್ಲ. ಊರಲ್ಲಿ ಟ್ರ್ಯಾಕ್ಟರ್ ಹೆಚ್ಚಾಗಿತ್ತು. ನನ್ನ ಗಂಡ ಶಿವಾನಂದನೂ ನಾಲ್ಕು ಸಲ ಹೇಳಿ ನೋಡಿದ. "ಟ್ರ್ಯಾಕ್ಟರ್ ಸಗಣಿ ಹಾಕತೈತೇನೋ?" ಎಂದು ಮಾವ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು.

ಆ ವರ್ಷ ಮಿರಗ, ಅಂದರೆ ಮೃಗಶಿರಾ ಮಳೆ ಚೆನ್ನಾಗಿ ಬಿತ್ತು. ಮಂಗಳವಾರ ಕಾಲುವೆ ಹೊಲದಲ್ಲಿ ಸೋಯಾ ಬಿತ್ತಿದೆವು. ಕೂರಿಗೆಗೆ ಬೀಜ ಬಿಡುತ್ತ ಹಿಂದೆ ನಡೆದವಳು ನಾನೇ. ನಾವು ಹೋಗುವಷ್ಟರಲ್ಲಿ ಅರ್ಧ ಎಕರೆ ಆಗಲೇ ಕುಂಟೆ ಹೊಡೆದು ಹರಗಿ ಆಗಿತ್ತು. "ಯಾವಾಗ ಹರಗಿದ್ರಿ?" ಎಂದರೆ "ನಸಕಿನಾಗ" ಎಂದರು. ಕೆಂದ್ಯಾ ಅವತ್ತೇ ಕಾಲೆಳೆಯುತ್ತಿತ್ತು. ಬುಧವಾರ ಹೊಟ್ಟೆ ಉಬ್ಬಿತು. ದನದ ಡಾಕ್ಟರರು ಬಂದು, ಎಳೆ ಹಸಿ ಹುಲ್ಲು ಹೆಚ್ಚಿಗೆ ತಿಂದು ಉಬ್ಬರ ಬಂದಿದೆ ಎಂದು ಸೂಜಿ ಚುಚ್ಚಿದರು. ಗುರುವಾರ ಹೊತ್ತೇರುವ ಮೊದಲೇ ಕೆಂದ್ಯಾ ಹೋಯಿತು. ಹೊಸ ಬಟ್ಟೆ ಹೊದಿಸಿ, ಹೂ ಏರಿಸಿ, ಮನೆಯ ಹತ್ತಿರದ ಹೊಲದ ಬದುವಿನಲ್ಲಿ ಕುಣಿ ತೋಡಿ ಮಣ್ಣು ಮಾಡಿದೆವು.

ಎತ್ತು ಸತ್ತರೆ ಒಕ್ಕಲಿಗ ಅಳುತ್ತಾನೆ, ಅದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮಾವ ಅಳಲಿಲ್ಲ. ಅವರು ಮಾತು ಬಿಟ್ಟರು. ರೊಟ್ಟಿ ಎರಡರಿಂದ ಒಂದಕ್ಕೆ ಇಳಿಯಿತು, ಒಂದು ಅರ್ಧವಾಯಿತು. ಮಣ್ಣೆತ್ತಿನ ಅಮಾವಾಸ್ಯೆಗೆ ಪ್ರತಿವರ್ಷ ತಾವೇ ಹೊಲದ ಎರೆಮಣ್ಣು ತಂದು ಜೋಡೆತ್ತು ಮಾಡಿ ಜೋಳದ ಕಾಳಿನಿಂದ ಕಣ್ಣಿಡುತ್ತಿದ್ದವರು, ಆ ವರ್ಷ ಒಂದೇ ಎತ್ತು ಮಾಡಿ ಕೈ ತೊಳೆದರು. ಎರಡನೆಯದಕ್ಕೆ ಕಲಸಿದ್ದ ಮಣ್ಣು ಕಲ್ಲಿನ ಮೇಲೆ ಹಾಗೇ ಒಣಗಿತು. ಇನ್ನೊಂದು ವಿಚಿತ್ರ ನಾನು ಗಮನಿಸಿದ್ದೆ. ಆ ಅರ್ಧ ಎಕರೆಯಲ್ಲಿ ಸೋಯಾ ಕಣ್ಣು ಬೀಳುವಷ್ಟು ಚೆಂದ ಬಂದಿತ್ತು. ಮಾವ ಮಾತ್ರ ಆ ಬದುವಿಗೆ ಕಾಲಿಡದೆ ಸುತ್ತು ಹಾಕಿ ಹೋಗುತ್ತಿದ್ದರು. ಕೆಂದ್ಯಾನ ನೆನಪಿಗೆ ಇರಬೇಕೆಂದುಕೊಂಡೆ. ಆದರೆ ಕೆಂದ್ಯಾನನ್ನು ಮಣ್ಣು ಮಾಡಿದ್ದು ಆ ಬದುವಿನಲ್ಲಲ್ಲ.

ಆಷಾಢ ಮುಗಿಯುತ್ತ ಬಂತು. ಮಾವನ ಅಂಗಿಯ ಕಾಲರು ಕೊರಳಿಗೆ ದೊಡ್ಡದಾಗಿ ಕಾಣತೊಡಗಿತು. ಒಂದು ದಿನ ಫೋನಿನಲ್ಲಿ ದಿಲ್‌ಶಾದಳ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ದಿಲ್‌ಶಾದ ಹುಕ್ಕೇರಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಅವಳ ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದರು, ನನ್ನ ಮದುವೆಗೆ ಕೊಟ್ಟ ಗಾದಿಯೂ ಅವರ ಕೈಯದೇ. ಆ ಹತ್ತಿಯ ರಾಶಿಯ ಮೇಲೆ ಉರುಳಾಡಿ ಬೆಳೆದವರು ನಾವಿಬ್ಬರು. ಅವಳ ಗಂಡನದೂ ಅದೇ ಕಸುಬು, ಮುಂಬೈಯ ಕುರ್ಲಾದಲ್ಲಿ ಗಾದಿ, ದಿಂಬು ಹೊಲಿಯುವ ಅಂಗಡಿ.

"ಕಾಕಾರನ್ನ ಇಲ್ಲಿಗೆ ಕರಕೊಂಡ ಬಾ," ಎಂದಳು. "ಸಮುದ್ರ ನೋಡಿದ್ರ ಎಂಥಾ ಮನಸ್ಸೂ ಹಗುರ ಆಗತೈತಿ. ನಾ ಅದೇನಿ, ಎಲ್ಲಾ ತೋರಸತೇನಿ."

ನನಗೆ ಹುರುಪು ಬಂತು. ಮಗಳ ಹಳೆಯ ನೋಟಬುಕ್ಕಿನ ಹಾಳೆ ಹರಿದು, ಮುಂಬೈಗೆ ಹೋಗಿ ಬಂದ ನಾಗನೂರಿನ ಮಾಸ್ತರರೊಬ್ಬರನ್ನು ಕೇಳಿ ಕೇಳಿ ಚೀಟಿ ಬರೆದೆ. ಹಗಲಿನಲ್ಲೇ ಚಿಕ್ಕೆ ತೋರಿಸುವ ತಾರಾಲಯ. ಗಾಜಿನೊಳಗೆ ನೂರಾರು ಬಣ್ಣದ ಮೀನು ಇರುವ ಮೀನಿನ ಮನೆ. ಸಮುದ್ರದ ದಂಡೆ. ಎರಡಂತಸ್ತಿನ ಬಸ್ಸಿನಲ್ಲಿ ಮೇಲೆ, ಎಲ್ಲಕ್ಕೂ ಮುಂದಿನ ಸೀಟು. ವಡಾಪಾವ್. ಮಾವನವರ ಮುಂದೆ ಓದಿದೆ. ಕೇಳುತ್ತಾರೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಎರಡೇ ಮಾತಾಡಿದರು.

"ಸುತ್ತಾಡೂದಿದ್ರ ಸೋಮಾರ."

ಅಷ್ಟು ಒಪ್ಪಿದ್ದೇ ದೊಡ್ಡದು. ಶನಿವಾರ ಹೊರಟು ರವಿವಾರ ಮುಟ್ಟುವುದು, ಸೋಮವಾರ ಮುಂಬೈ ನೋಡುವುದು, ಮಂಗಳವಾರ ಸಂಜೆಯ ಗಾಡಿಗೆ ಮರಳುವುದು ಎಂದು ಗೊತ್ತಾಯಿತು.

ಹೊರಡುವ ಮುಂಚಿನ ದಿನ ಶಿವಾನಂದ ನನ್ನನ್ನು ಹಿತ್ತಲಿಗೆ ಕರೆದ. "ಮಂಗಳಾರ ದನದ ಸಂತಿ ಐತಿ. ಮಾಸ್ಯಾನ ಕೊಟ್ಟ ಬಿಡತೇನಿ. ಒಂಟೆತ್ತ ಕಟ್ಟಿಕೊಂಡ ಏನ್ ಮಾಡೂದು? ಅಪ್ಪನ ಮುಂದ ಹಗ್ಗಾ ಬಿಚ್ಚಿದ್ರ ಅಂವಾ ತಡಕೊಳ್ಳಂಗಿಲ್ಲ. ಇಲ್ದಾಗ ಆದ್ರ ಒಂದ ದಿನಾ ಅಳತಾನ, ಮುಗೀತು."

ಗಂಡ ಕೆಟ್ಟವನಲ್ಲ. ಅವನಿಗೂ ಅಪ್ಪ ಸೊರಗುವುದನ್ನು ನೋಡಲು ಆಗುತ್ತಿರಲಿಲ್ಲ. ಆ ಒಂಟಿ ಎತ್ತು ಕಣ್ಣ ಮುಂದೆ ಇರುವ ತನಕ ಮುದುಕ ಮರೆಯುವುದಿಲ್ಲ ಎಂದು ಅವನ ಲೆಕ್ಕ. ನಾನು ಹೂಂ ಅಂದೆ. ಶನಿವಾರ ಹೊರಡುವಾಗ ಮಾವ ಮಾಸ್ಯಾನ ಕೊರಳ ಕೆಳಗಿನ ಗಂಗೆದೊಗಲು ನೇವರಿಸಿ, "ಬುಧವಾರ ಬರತೇನಿ" ಎಂದರು. ನಾನು ಚೀಲದ ಬಾಯಿ ಕಟ್ಟುವ ನೆವದಲ್ಲಿ ಆ ಕಡೆ ತಿರುಗಿದೆ.

ಘಟಪ್ರಭಾ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದೆವು. ಇಪ್ಪತ್ತೈದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಗೋಕಾಕದ ಕರದಂಟು ನಾಲ್ಕು ಪ್ಯಾಕೆಟ್ಟು. ಎದುರು ಸೀಟಿನವರಿಗೆಲ್ಲ ರೊಟ್ಟಿ ಮುರಿದು ಕೊಟ್ಟದ್ದು ಬಿಟ್ಟರೆ ಮಾವನಿಂದ ಒಂದು ಮಾತಿಲ್ಲ. ಮರುದಿನ ದಾದರಿನಲ್ಲಿ ಇಳಿದಾಗ ಧೋ ಧೋ ಮಳೆ. ಆ ಜನ, ಆ ಗದ್ದಲ ನೋಡಿ ನಾನು ಬೆದರಿದರೆ, ಅವರು ದನದ ಸಂತೆಯಲ್ಲಿ ನಡೆದಂತೆ ಭುಜ ಕೊಟ್ಟು ದಾರಿ ಮಾಡಿಕೊಂಡು ನಡೆದರು.

ದಿಲ್‌ಶಾದ ಒಂದೇ ಕೋಣೆಯ ಮನೆಯನ್ನು ಕನ್ನಡಿ ಮಾಡಿ ಇಟ್ಟಿದ್ದಳು. ಕಾಕಾ ಬರುತ್ತಾರೆಂದು ಹೊಸ ಪಾತೇಲಿ, ಹೊಸ ತವೆ ತಂದು ಝುಣಕ ಮಾಡಿದ್ದಳು. ಮಾವನಿಗೆ ಮಲಗಲು ಗಂಡನಿಂದ ಹೊಸ ಹತ್ತಿಯ ಗಾದಿ ಹೊಲಿಸಿ ಹಾಸಿದ್ದಳು. ಮಾವ ಅದನ್ನು ಅಂಗೈಯಿಂದ ಒತ್ತಿ ನೋಡಿ, "ನಿಮ್ಮ ಅಪ್ಪಂದ ಕೈ ಹಿಂಗ ಇತ್ತವಾ" ಎಂದರು. ಎರಡು ತಿಂಗಳಲ್ಲಿ ಅವರು ಆಡಿದ ಅತಿ ದೊಡ್ಡ ಮಾತು ಅದೇ. ದಿಲ್‌ಶಾದ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೋಮವಾರ ಮುಂಜಾನೆ ಮಳೆ ಸಣ್ಣದಾಗಿತ್ತು. ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು, ರುಮಾಲು ಸುತ್ತಿ, ಬೀಗರ ಮನೆಗೆ ಹೊರಟವರಂತೆ ಸಜ್ಜಾದರು. ನಾವು ಮೂವರು, ಮೂರು ಛತ್ರಿ, ನನ್ನ ಕೈಯಲ್ಲಿ ಚೀಟಿ. ಮೊದಲು ತಾರಾಲಯ. ಎರಡು ಬಸ್ಸು ಬದಲಿಸಿ ಹೋದೆವು. ದೂರದಿಂದಲೇ ಗುಂಡಗಿನ ಬಿಳಿ ಗುಮ್ಮಟ ಕಂಡಿತು. ಹತ್ತಿರ ಹೋದರೆ ಗೇಟಿಗೆ ಬೀಗ. ಹೊರಗೆ ಹಲಗೆ. ದಿಲ್‌ಶಾದ ಕೂಡಿಸಿ ಕೂಡಿಸಿ ಓದಿದಳು. ಸೋಮವಾರ ಬಂದ್.

"ಹನ್ನೊಂದ ವರ್ಷ ಮುಂಬೈದಾಗ ಅದೀ, ಇಷ್ಟೂ ಗೊತ್ತಿಲ್ಲೇನ ನಿನಗ?" ಎಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು.

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಂಗ ಆಗೈತಿ. ಖರೆ ಹೇಳ್ತೇನಿ ಗಿರಿಜಾ, ಇದರೊಳಗ ನಾನೂ ಒಮ್ಮಿನೂ ಬಂದಿಲ್ಲ. ನಮ್ಮ ಬಿಡುವು ಶುಕ್ರಾರ. ಸೋಮಾರ ಬಂದ್ ಇಡತಾರಂತ ಯಾರಿಗೆ ಗೊತ್ತು?"

ನಾನೊಂದು ಬಗೆದರೆ ದೈವವೊಂದು ಬಗೆಯಿತು. ಸೋಮವಾರ ತೆರೆದಿರುತ್ತದೆಯೇ ಎಂದು ಆ ಮಾಸ್ತರರನ್ನಾದರೂ ನಾನು ಕೇಳಬೇಕಿತ್ತು. ಆದರೆ ಸುತ್ತಾಡುವುದೇ ಸೋಮವಾರ ಎಂದು ನಂಬಿದವಳಿಗೆ ಆ ಪ್ರಶ್ನೆಯೇ ಹೊಳೆಯಲಿಲ್ಲ. ಮಾವ ಬೀಗ ನೋಡಿದರು, ಛತ್ರಿ ಬಿಚ್ಚಿ ಬಸ್ಸಿನ ಕಡೆ ನಡೆದರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಮತ್ತೆ ಬಸ್ಸು, ಮೀನಿನ ಮನೆ. ಅದು ಸಮುದ್ರದ ದಂಡೆಯ ದೊಡ್ಡ ರಸ್ತೆಯಲ್ಲೇ ಇತ್ತು. ಬಾಗಿಲು ಮುಚ್ಚಿತ್ತು. ಪಕ್ಕದಲ್ಲಿ ಪ್ಲಾಸ್ಟಿಕ್ ಖುರ್ಚಿ ಹಾಕಿಕೊಂಡು ವಯಸ್ಸಾದ ವಾಚ್‌ಮನ್ ಒಬ್ಬ ಕೂತಿದ್ದ. ನನಗೆ ಅಳು ಬಂತು. ಇಷ್ಟು ದೂರ ಕರೆತಂದು ಎರಡು ಬೀಗ ತೋರಿಸಿದೆನಲ್ಲ ಎಂದು.

ಮಾವ ವಾಚ್‌ಮನ್‌ನ ಎದುರು ಹೋಗಿ ನಿಂತರು. ಅವರಿಗೆ ಮರಾಠಿ ಬರುತ್ತದೆ, ಸಂಕೇಶ್ವರದ ಪೇಟೆಗೆ ಬೆಲ್ಲ ಒಯ್ಯುತ್ತಿದ್ದ ಕಾಲದಲ್ಲಿ ಕಲಿತದ್ದು. ಮೊದಲು ಯಾವೂರು ಎಂದು ಕೇಳಿದರು. ಸಾತಾರಾ ಕಡೆಯವನಂತೆ. ಮಳೆ ಹೇಗೆ ಎಂದು ಕೇಳಿದರು. ಆಮೇಲೆ ಬಾಗಿಲ ಕಡೆ ಕೈ ಮಾಡಿ, ಇದೇಕೆ ಮುಚ್ಚಿದೆ ಎಂದರು. ಆ ಮನುಷ್ಯ ಎಲೆಯಡಿಕೆ ಉಗುಳಿ ಬಂದು ಹೇಳಿದ. ವಾರವೆಲ್ಲ ಜನ ಬಂದು ಗಾಜಿಗೆ ಬೆರಳಿನಿಂದ ಕುಟ್ಟುತ್ತಾರೆ. ಮಕ್ಕಳು ಚೀರುತ್ತವೆ. ಒಂದು ದಿನ ನೀರು ಬದಲಿಸಿ, ಮೀನಿನ ಹೊಟ್ಟೆಗೆ ಹಾಕಿ, ಅವುಗಳ ಪಾಡಿಗೆ ಅವುಗಳನ್ನು ಬಿಡಬೇಕು ಬಾಬಾ. ಸೋಮವಾರ ಮೀನಿಗೆ ಸೂಟಿ.

ಮಾವ ನನ್ನ ಕಡೆ ತಿರುಗಿದರು. "ಕೇಳಿದೇನವಾ? ಸೋಮಾರ ಮೀನಿಗೂ ಕೊಳ್ಳ ಕಟ್ಟಂಗಿಲ್ಲಂತ!"

ಎಂದವರೇ ನಕ್ಕರು. ಹೊಟ್ಟೆಯಿಂದ ಬಂದ ನಗು, ಆಗ ಇನ್ನೂ ಹಲ್ಲು ಇದ್ದವು. ವಾಚ್‌ಮನ್‌ಗೂ ನಗು ಹತ್ತಿತು, ಯಾಕೆಂದು ಪಾಪ ಅವನಿಗೆ ತಿಳಿಯದಿದ್ದರೂ. ಮಾವ ಚೀಲಕ್ಕೆ ಕೈ ಹಾಕಿ ಕರದಂಟಿನ ಒಂದು ಪ್ಯಾಕೆಟ್ಟು ತೆಗೆದು ಅವನ ಕೈಗಿಟ್ಟರು. ಆಮೇಲೆ ಮುಚ್ಚಿದ ಆ ಬಾಗಿಲಿಗೆ, ಗುಡಿಯ ಮುಂದೆ ಮಾಡಿದಂತೆ, ಎರಡೂ ಕೈ ಎತ್ತಿ ಮುಗಿದರು. ನಾನೂ ದಿಲ್‌ಶಾದಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರ ನಗು ನಿಂತಿತ್ತು.

ರಸ್ತೆ ದಾಟಿ ಸಮುದ್ರದ ಕಡೆಯ ಕಟ್ಟೆಯ ಮೇಲೆ ಕೂತೆವು. ಅಲೆ ಬಂದು ಕಲ್ಲಿಗೆ ಬಡಿದು ಮುಖದ ತನಕ ಸಿಡಿಯುತ್ತಿತ್ತು. ತುಟಿ ಉಪ್ಪಾಯಿತು. ಮಾವ ನೀರಿನ ಕಡೆ ನೋಡುತ್ತಲೇ ಮಾತಾಡಿದರು.

"ಗಿರಿಜವ್ವಾ, ಕೆಂದ್ಯಾ ಉಬ್ಬರ ಬಂದು ಸತ್ತಿಲ್ಲ. ನಾ ಸಾಯಿಸೇನಿ."

"ಏನಂತೀರಿ ಮಾವಾರ!"

"ಮಿರಗ ಮಳಿ ಆದ ಮರದಿನ ಸೋಮಾರ ಇತ್ತು. ಶಿವಾನಂದ ಅರಭಾವಿಗೆ ಸಸಿ ತರಾಕ ಹೋಗಿದ್ದ. ಎತ್ತಿನ ಮೈ ತೊಳಕೊಂಡ ಬರತೇನಿ ಅಂತ ನಿನಗ ಹೇಳಿ ಕಾಲುವಿಗೆ ಹೊಡಕೊಂಡ ಹ್ವಾದೆ. ಹೊಲಾ ನೋಡಿದೆ. ಮಣ್ಣ ಮುಷ್ಟ್ಯಾಗ ಹಿಡದ್ರ ಉಂಡಿ ಆಗಬೇಕು, ಅಂಥಾ ಹದಾ. ಬಾಜೂ ಹೊಲದಾಗ ಟ್ರ್ಯಾಕ್ಟರ್ ಓಡ್ಯಾಡಾಕತ್ತಿತ್ತು. ಮ್ಯಾಲ ಮತ್ತ ಮೋಡ ಕಟ್ಟಿತ್ತು. ನಾಳೆ ಸುರೀತಂದ್ರ ಹದಾ ಹೋಗತೈತಿ. ಒಂದ ಸೋಮಾರ ಬಸವಣ್ಣ ನೋಡಂಗಿಲ್ಲ ಅಂದಕೊಂಡೆ. ಕೊಳ್ಳ ಕಟ್ಟಿದೆ."

ಅರ್ಧ ಎಕರೆ ಹರಗಿದರಂತೆ. ಕೆಂದ್ಯಾ ಎರಡು ಸಲ ನಿಂತು ಹಿಂದೆ ತಿರುಗಿ ನೋಡಿತಂತೆ. ಐವತ್ತು ವರ್ಷದ ಒಕ್ಕಲುತನದಲ್ಲಿ ಮೊದಲ ಸಲ ಸೋಮವಾರ ಬಾರಕೋಲು ಎತ್ತಿದೆ ಎಂದರು. ಡಾಕ್ಟರರು ಉಬ್ಬರ ಎಂದು ಹೇಳಿದ್ದನ್ನು ನಾನು ನೆನಪಿಸಿದೆ.

"ಡಾಕ್ಟರಗ ಹೊಟ್ಟಿ ಗೊತ್ತು. ಅವನಿಗೆ ಸೋಮಾರ ಏನ್ ಗೊತ್ತು?" ಎಂದರು.

ಆ ಅರ್ಧ ಎಕರೆಯ ಬದುವಿಗೆ ಅವರು ಯಾಕೆ ಕಾಲಿಡುತ್ತಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಅಲ್ಲಿನ ಸೋಯಾ ಚೆಂದ ಬಂದದ್ದೇ ಅವರಿಗೆ ಸಂಕಟವಾಗಿತ್ತು. ನನಗೆ ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಒಂದೇ ಮನೆಯಲ್ಲಿ ಇದ್ದು, ಅದೇ ಒಲೆಯ ರೊಟ್ಟಿ ತಿಂದು, ಎರಡು ತಿಂಗಳು ಇದನ್ನು ಒಬ್ಬರೇ ಹೊತ್ತು ಕೂತರಲ್ಲ! ನಿಮ್ಮದೇನೂ ತಪ್ಪಿಲ್ಲ ಎಂದರೆ ಅವರು ನಂಬುತ್ತಿರಲಿಲ್ಲ. ತಪ್ಪಿದೆ ಎನ್ನಲು ನಾನ್ಯಾರು?

ದಿಲ್‌ಶಾದ ಹೇಳಿದಳು. "ಕಾಕಾರಿ, ಹ್ವಾದದ್ದರ ಮುಂದ ನೀವು ಎಷ್ಟ ಅತ್ರೂ ಅದಕ್ಕ ಕೇಳಸಂಗಿಲ್ಲ. ಅದರ ಜೋಡಿ ಇನ್ನೊಂದು ಐತೆಲ್ಲ, ಅದಕ್ಕ ಏನ್ ಮಾಡೀರಿ?"

ಅವಳಿಗೆ ಏನೂ ಗೊತ್ತಿರಲಿಲ್ಲ, ಸಹಜವಾಗಿ ಕೇಳಿದ್ದಳು. ಮಾವ, "ಮನ್ಯಾಗ ಐತಿ. ನಾ ಬರೂದ ಹಾದಿ ಕಾಯತಿರತೈತಿ" ಎಂದರು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ನಾಳೆ ಮಾಸ್ಯಾನ ಸಂತಿಗೆ ಹೊಡೀತಾರ್ರಿ ಮಾವಾರ. ನೀವು ಇಲ್ದಾಗ ಕೊಟ್ರ ನಿಮಗ ತ್ರಾಸ ಕಮ್ಮಿ ಅಂತ ಅವರು ಅಂದ್ರು. ನಾನೂ ಹೂಂ ಅಂದೇನಿ. ಗೊತ್ತಿದ್ದೂ ನಿಮ್ಮನ್ನ ಕರಕೊಂಡ ಬಂದೇನಿ."

ಮಾವ ನನ್ನನ್ನು ನೋಡಿದ ಆ ನೋಟ ಇವತ್ತಿಗೂ ಮರೆತಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ. ತಾನು ಹೊತ್ತದ್ದು ಎಂಥದೆಂದು ಗೊತ್ತಿದ್ದವರು, ಹೊತ್ತುಕೊಂಡ ಇನ್ನೊಬ್ಬರನ್ನು ನೋಡುವ ರೀತಿ ಅದು. ಒಂದು ದೊಡ್ಡ ಅಲೆ ಬಂದು ನಮ್ಮ ಕಾಲೆಲ್ಲ ತೋಯಿಸಿ ಹೋಯಿತು.

"ಫೋನ್ ಹಚ್ಚ ಅವನಿಗೆ," ಎಂದರು.

ಗಾಳಿಯ ಸದ್ದಿನಲ್ಲಿ ಶಿವಾನಂದನಿಗೆ ಮೊದಲು ಏನೂ ಕೇಳಿಸಲಿಲ್ಲ. ಮಾವ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಹೇಳಿದರು.

"ಶಿವಾನಂದಾ, ಮಾಸ್ಯಾಂದ ಹಗ್ಗಾ ಬಿಚ್ಚಬ್ಯಾಡ."

ಆ ಕಡೆಯಿಂದ ಅವನು ಏನೋ ಅಂದ.

"ಅದೆಲ್ಲಾ ಬಂದ ಮ್ಯಾಲ. ನಾ ಬರೂತನಕಾ ಬಿಚ್ಚಬ್ಯಾಡ. ನೀರ ಕುಡಿಸೀಯೇನು? ಕುಡಸು. ಇವತ್ತ ಸೋಮಾರ, ಮೈ ತೊಳಿ."

ಫೋನು ನನ್ನ ಕೈಗೆ ಕೊಟ್ಟು, ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಮತ್ತೆ ಸುತ್ತಿಕೊಂಡರು. "ಇನ್ನ ಏನೈತಿ ಯವ್ವಾ ನಿನ್ನ ಚೀಟ್ಯಾಗ? ಹಸಿವಾಗಾಕತ್ತೈತಿ."

ಎರಡು ತಿಂಗಳ ಮೇಲೆ ಅವರ ಬಾಯಲ್ಲಿ ಹಸಿವು ಎಂಬ ಮಾತು ಕೇಳಿದೆ. ಆ ದಿನ ನಾವು ನೋಡಿದಷ್ಟು ಮುಂಬೈಯನ್ನು ಮತ್ತೆ ಯಾರೂ ನೋಡಿರಲಿಕ್ಕಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಬೀಗ ಹಾಕಿದ್ದನ್ನೆಲ್ಲ ಬಿಟ್ಟು ಬೀಗ ಇಲ್ಲದ್ದನ್ನು ನೋಡಿದೆವು. ರಸ್ತೆಯ ಬದಿಯಲ್ಲಿ ವಡಾಪಾವ್ ತಿಂದೆವು. ಮಾವ ಒಂದು ತಿಂದು, ಪಾವ್ ಬೇಡವೆಂದು ಬರೀ ವಡೆಯನ್ನು ನಮ್ಮ ಕಡಕ್ ರೊಟ್ಟಿಯೊಳಗೆ ಇಟ್ಟು ಇನ್ನೆರಡು ತಿಂದರು. ಅಂಗಡಿಯವನು ಒಂದು ರೊಟ್ಟಿ ಕೇಳಿ ಇಸಿದುಕೊಂಡ. ಕೆಂಡದ ಮೇಲೆ ಸುಟ್ಟು, ನಿಂಬೆಹಣ್ಣು ಉಪ್ಪು ಖಾರ ತಿಕ್ಕಿದ ಗೋವಿನಜೋಳದ ತೆನೆ ತಿನ್ನುತ್ತ ಸಮುದ್ರದ ದಂಡೆಯುದ್ದಕ್ಕೂ ನಡೆದೆವು. ತೆನೆ ನೋಡಿ ಮಾವ, "ಕಾಳ ತುಂಬಿಲ್ಲ, ಎಂಟ ದಿನಾ ಅವಸರಾ ಮಾಡ್ಯಾರ" ಎಂದು ಮಾರುವವಳಿಗೇ ಹೇಳಿದರು. ಅವಳು ಇನ್ನೊಂದು ಆರಿಸಿ ಕೊಟ್ಟಳು. ಮಳೆಗಾಲದಲ್ಲಿ ಸಮುದ್ರ ಹೀಗೆ ಕಲಕುತ್ತದೆ, ದೀಪಾವಳಿಗೆ ಬಂದರೆ ತಿಳಿಯಾಗಿರುತ್ತದೆ ಎಂದು ದಿಲ್‌ಶಾದ ಹೇಳಿದಳು. "ಈಗ ಇದಕ್ಕ ದುಡಿಯೋ ಕಾಲ" ಎಂದು ಮಾವ ತಿಳಿದುಕೊಂಡರು.

ಆಮೇಲೆ ಎರಡಂತಸ್ತಿನ ಬಸ್ಸು. ಮೊದಲು ಬಂದ ಬಸ್ಸಿನಲ್ಲಿ ಮುಂದಿನ ಸೀಟು ಖಾಲಿ ಇರಲಿಲ್ಲ, ಬಿಟ್ಟೆವು. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಸಿಕ್ಕಿತು. ಮೇಲೆ, ಎಲ್ಲಕ್ಕೂ ಮುಂದೆ, ಗಾಜಿನ ಎದುರು ಮಾವ, ಪಕ್ಕದಲ್ಲಿ ನಾನು, ಹಿಂದೆ ದಿಲ್‌ಶಾದ. ಬಸ್ಸು ಹೊರಟಾಗ ಅವರ ಎರಡೂ ಕೈ ತಾನಾಗಿಯೇ ಮುಂದೆ ಬಂದು ಮುಷ್ಟಿ ಕಟ್ಟಿದವು, ಹಗ್ಗ ಹಿಡಿದ ಹಾಗೆ. ಸ್ವಲ್ಪ ದೂರ ಹೋದ ಮೇಲೆ, "ಬಂಡಿ ಛಲೋ ಐತಿ. ಮುಂದ ಎತ್ತ ಕಾಣಂಗಿ‍ಲ್ಲ, ಅದೊಂದು ಕೊರತಿ" ಎಂದರು. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಇಳಿಸಲು ಬಂದರೆ, ಮತ್ತೊಮ್ಮೆ ಟಿಕೆಟ್ ತೆಗೆಸಿ ಅದೇ ಸೀಟಿನಲ್ಲಿ ಕೂತು ಮರಳಿ ಬಂದೆವು. ದಿಲ್‌ಶಾದ ಚಿಕ್ಕ ಹುಡುಗಿಯ ಹಾಗೆ ಕಿಟಕಿಯಿಂದ ತೋರಿಸಿದ್ದೇ ತೋರಿಸಿದ್ದು. ಹನ್ನೊಂದು ವರ್ಷದಲ್ಲಿ ಅವಳೂ ಮುಂಬೈ ನೋಡಿದ್ದು ಅವತ್ತೇ ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಸಂಜೆ ಮನೆಗೆ ಮುಟ್ಟಿದಾಗ ಮಾವ ಎರಡು ರೊಟ್ಟಿ ಉಂಡು, ಹೊಸ ಗಾದಿಯ ಮೇಲೆ ಗೊರಕೆ ಹೊಡೆದರು.

ಬುಧವಾರ ತುಕ್ಕಾನಟ್ಟಿಗೆ ಬಂದು ಬಸ್ಸಿಳಿದಾಗ ಮಾಸ್ಯಾ ಬೇವಿನ ಗಿಡದ ಕೆಳಗೇ ಇತ್ತು. ಮಾವನ ದನಿ ಕೇಳಿ ಎದ್ದು ನಿಂತಿತು. ಶಿವಾನಂದ ಮುಖ ಗಂಟು ಹಾಕಿಕೊಂಡು ಕಾಯುತ್ತಿದ್ದ. ಅವನ ಸಿಟ್ಟಿನಲ್ಲೂ ಅರ್ಥವಿತ್ತು, ಮನೆಯಲ್ಲಿ ಮೇವೇನು ಕೊಳೆತು ಬಿದ್ದಿರಲಿಲ್ಲ.

"ಜೋಡಿ ತರೂದಿಲ್ಲ ಅಂತೀ, ಇದನ್ನ ಮಾರೂದಿಲ್ಲ ಅಂತೀ. ಒಂಟೆತ್ತಿನ್ಲೇ ಏನ್ ಕೆಲಸಾ ಮಾಡ್ಸೂದೋ ಅಪ್ಪಾ?"

ಮಾವ ಚೀಲ ಕೆಳಗಿಟ್ಟು ಮಾಸ್ಯಾನ ಹೆಗಲ ಮೇಲೆ ಕೈ ಇಟ್ಟರು. ಅಲ್ಲಿ ನೊಗ ತಿಕ್ಕಿ ತಿಕ್ಕಿ ಕೂದಲು ಉದುರಿ ದಡ್ಡುಗಟ್ಟಿತ್ತು.

"ಏನೂ ಮಾಡ್ಸೂದ ಬ್ಯಾಡ. ನಾ ಇದರದೊಂದು ಸೋಮಾರ ಕಸಗೊಂಡೇನಿ. ಇನ್ನ ಮ್ಯಾಲ ಇದಕ್ಕ ಏಳೂ ದಿನಾ ಸೋಮಾರ."

ಶಿವಾನಂದನಿಗೆ ಅರ್ಥವಾಗಲಿಲ್ಲ. ಮಾವ ಒಳಗೆ ಕರೆದು ಕೂರಿಸಿ, ಕಾಲುವೆ ಹೊಲದ ಆ ದಿನದ ಮಾತನ್ನು ತಾವೇ ಅವನಿಗೆ ಹೇಳಿದರು. ಹೊರಗೆ ಬಂದ ಗಂಡ ಹೋಗಿ ಮೇವಿನ ಸಿವುಡು ತಂದು ಮಾಸ್ಯಾನ ಮುಂದೆ ಹಾಕಿದ. ಮರುದಿನ ಮಾವ ಆ ಅರ್ಧ ಎಕರೆಯ ಬದುವಿನ ಮೇಲೆ ನಡೆದು ಸೋಯಾ ನೋಡಿ ಬಂದರು. ಮಾಸ್ಯಾ ಇನ್ನೂ ನಾಲ್ಕು ವರ್ಷ ಆ ಗಿಡದ ಕೆಳಗೆ ಬದುಕಿ, ಮುಪ್ಪಿನಿಂದ ಹೋಯಿತು. ಅದರ ಗೂಟ ಇವತ್ತಿಗೂ ಕಿತ್ತಿಲ್ಲ.

ಇದನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿ ಹೋಗಿತ್ತು. ಅವಳು ಮೊಬೈಲ್ ಕೆಳಗಿಟ್ಟು, ಅಜ್ಜನ ಕಿವಿಯ ಹತ್ತಿರ ಬಗ್ಗಿ ಕೇಳಿದಳು.

"ಅಜ್ಜಾ, ಸೋಮಾರ ನಾನೂ ಮೀನಿನ ಮನಿಗೆ ಹೋಗ್ಲೇನು?"

"ಹೋಗವಾ. ಬಾಗಲಾ ಮಾತ್ರ ಬಡೀಬ್ಯಾಡ," ಎಂದರು ಮಾವ, ಖಾಲಿ ಗೂಟದ ಕಡೆ ನೋಡುತ್ತ. "ಒಳಗ ಮಲಗಿರತಾವು."